ಗುರುವಿನ ದಾರಿಯಲ್ಲಿ, ಸ್ವಲ್ಪ ಹಿಂದೆ

ಅಕ್ಕ ನನ್ನೊಡನೆ ಮಾತು ಬಿಟ್ಟು ಐದು ವರ್ಷವಾಗಿತ್ತು. ತಪ್ಪು ನನ್ನದೇ. ಅವಳ ಮಗಳನ್ನು ನೋಡಲು ಗಂಡಿನ ಕಡೆಯವರು ವಿಜಯನಗರದ ಮನೆಗೆ ಬಂದಿದ್ದರು. "ಹುಡುಗಿಗೆ ಗುರುಬಲ ಬರೋವರೆಗೂ ಒಂದಾರು ತಿಂಗಳು ತಡೀರಿ" ಎಂದು ಅಕ್ಕ ಕೇಳಿಕೊಂಡಳು. ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತಿದ್ದ ನಾನು, ಕಾನ್ವೆಂಟಿನ ಸಿಸ್ಟರ್‌ಗಳು ತಿದ್ದಿ ಕಲಿಸಿದ ಇಂಗ್ಲಿಷಿನಲ್ಲಿ, "ಅಕ್ಕಾ, ಪ್ಲೀಸ್! ಜುಪಿಟರ್ ಈಸ್ ಜಸ್ಟ್ ಎ ಬಾಲ್ ಆಫ್ ಗ್ಯಾಸ್" ಎಂದು ನಕ್ಕುಬಿಟ್ಟೆ. ಹುಡುಗನೂ ನಕ್ಕ. ಅವನ ತಾಯಿ ನಗಲಿಲ್ಲ. ಗ್ರಹದೇವತೆಯನ್ನೇ ಆಡಿಕೊಳ್ಳುವ ಮನೆಯ ಸಂಬಂಧ ಬೇಡವೆಂದು ಮರುದಿನ ಹೇಳಿ ಕಳಿಸಿದರು.

"ನಿನ್ನ ಇಂಗ್ಲಿಷ್ ನೀನೇ ಇಟ್ಕೊಳೇ" ಎಂದಳು ಅಕ್ಕ. ಅವಳು ನನಗೆ ಹೇಳಿದ ಕೊನೆಯ ಮಾತು ಅದು.

ಆಮೇಲೆ ಪ್ರತಿ ಗುರುವಾರ ಬೆಳಿಗ್ಗೆ ಅವಳು ಮೂಡಲಪಾಳ್ಯದ ದೇವಸ್ಥಾನದಲ್ಲಿ, ತಾನೇ ಪೋಣಿಸಿದ ಕಡಲೆಕಾಳಿನ ಹಾರವನ್ನು ಗುರುವಿಗೆ ಹಾಕಿಸಿ, ನವಗ್ರಹಗಳಿಗೆ ಒಂಬತ್ತು ಸುತ್ತು ಬರತೊಡಗಿದಳು. ನಾನೂ ಹೋಗತೊಡಗಿದೆ. ಭಕ್ತಿಯಿಂದಲ್ಲ, ಅವಳ ಬೆನ್ನನ್ನಾದರೂ ನೋಡಬಹುದೆಂದು. ಆ ಕಟ್ಟೆಯ ಮೇಲೆ ಒಂದು ಗ್ರಹ ಇನ್ನೊಂದರ ಮುಖ ನೋಡುವುದಿಲ್ಲ. ಕೆಳಗೆ ನಾವಿಬ್ಬರೂ ಹಾಗೇ. ಹತ್ತಿರ ಹೋದರೆ ಸುತ್ತು ಬಿಟ್ಟು ಹೊರಟುಹೋದಾಳು ಎಂಬ ಹೆದರಿಕೆಗೆ, ಅವಳು ನಿಧಾನ ಮಾಡಿದಾಗ ನಾನೂ ನಿಧಾನ ಮಾಡುತ್ತಿದ್ದೆ.

"ಏನ್ ಆಂಟಿ, ಅಕ್ಕ ತಂಗಿ ಜೂಟಾಟ ಆಡ್ತಿದೀರಾ? ಯಾರೂ ಔಟೇ ಆಗಲ್ವಲ್ಲ!" ಎಂದು ಬಾಗಿಲಲ್ಲಿ ಹೂ ಮಾರುವವಳು ರೇಗಿಸುತ್ತಿದ್ದಳು.

ಹೋದ ವರ್ಷ ಇಂಗ್ಲಿಷ್ ಪೇಪರಿನಲ್ಲಿ ಒಂದು ಅಸ್ಟರಾಯ್ಡ್‌ನ ವಿಷಯ ಓದಿದೆ. ಅದು ಸೂರ್ಯನನ್ನು ಸುತ್ತುವುದು ಗುರುಗ್ರಹದ ದಾರಿಯಲ್ಲೇ, ಆದರೆ ಸುತ್ತಿನ ಆರನೇ ಒಂದು ಪಾಲಿನಷ್ಟು ಹಿಂದೆ. ಒಂಚೂರು ಅತ್ತಿತ್ತ ಓಲಾಡುತ್ತದಂತೆ, ಅಷ್ಟೇ. ಅಷ್ಟು ದೊಡ್ಡ ಗ್ರಹ ಅದನ್ನು ಎಳೆದು ನುಂಗುವುದಿಲ್ಲ, ದೂರ ಎಸೆಯುವುದೂ ಇಲ್ಲ. ಕೋಟ್ಯಂತರ ವರ್ಷದಿಂದ ಹೀಗೇ. ನಾನು ಆ ತುಂಡನ್ನು ಕತ್ತರಿಸಿ, ಅಂಚಿನಲ್ಲಿ ಕನ್ನಡದಲ್ಲೇ ಬರೆದೆ: "ಅಕ್ಕಾ, ನಿನ್ನ ಗುರುವಿಗೂ ಹಿಂದೆ ಬರೋ ತಂಗಿ ಒಬ್ಬಳಿದಾಳೆ ನೋಡು. ತಪ್ಪಾಯ್ತು ಕಣೇ." ಮಡಚಿ ಪರ್ಸಿನಲ್ಲಿಟ್ಟುಕೊಂಡೆ.

ಆ ಗುರುವಾರ ಕೊಡಲಿಲ್ಲ. ಜನ ಜಾಸ್ತಿ ಇದ್ದರು. ಮುಂದಿನ ವಾರ ಅವಳ ಮುಖ ಬಾಡಿದಂತಿತ್ತು. ಅದರ ಮುಂದಿನ ವಾರ ನನಗೇ ಧೈರ್ಯ ಸಾಲಲಿಲ್ಲ. ನೆಕ್ಸ್ಟ್ ವೀಕ್, ನೆಕ್ಸ್ಟ್ ವೀಕ್ ಎನ್ನುತ್ತಲೇ ಕಾಗದದ ಮಡಿಕೆ ಸವೆದು ಸೀಳಿತು.

ಒಂದು ಸೋಮವಾರ ಅವಳ ಮಗಳು ಫೋನ್ ಮಾಡಿದಳು. "ಚಿಕ್ಕಮ್ಮಾ, ಅಮ್ಮ ಎದ್ದೇಳ್ತಾ ಇಲ್ಲ."

ಸೂತಕ ಕಳೆದ ಮೇಲಿನ ಗುರುವಾರ ಹೋದಾಗ ಹೂವಿನವಳು ನನ್ನ ಕೈ ಹಿಡಿದುಕೊಂಡಳು. "ನಿಮ್ ಅಕ್ಕ ಪ್ರತಿ ಗುರುವಾರ ಮೊದ್ಲೇ ಬಂದು ಇಲ್ಲೇ ಕೂತಿರೋರು ಆಂಟಿ. 'ಅವಳು ಬಂದ್ಳಾ ನೋಡೇ' ಅನ್ನೋರು. ರಸ್ತೆ ಮೂಲೇಲಿ ನೀವು ಕಾಣಿಸಿದ್ಮೇಲೇನೇ ಒಳಗೆ ಹೋಗಿ ಸುತ್ತು ಶುರು ಮಾಡ್ತಿದ್ದಿದ್ದು. ನಿಮಗೆ ಗೊತ್ತಿರ್ಲಿಲ್ವಾ?"

ನನಗೆ ಗೊತ್ತಿರಲಿಲ್ಲ. ಅವಳು ಮಧ್ಯೆ ಮಧ್ಯೆ ನಿಧಾನ ಮಾಡುತ್ತಿದ್ದದ್ದು ಮಂಡಿನೋವಿನಿಂದ ಎಂದುಕೊಂಡಿದ್ದೆ.

ಒಳಗೆ ಹೋಗಿ ಸುತ್ತತೊಡಗಿದೆ. ಮುಂದೆ ಯಾರೂ ಇರಲಿಲ್ಲ. ಆದರೂ ನನ್ನ ಕಾಲು ತಾನಾಗಿ ನಿಧಾನವಾಗುತ್ತಿತ್ತು, ಅಷ್ಟು ಜಾಗ ಬಿಡುತ್ತಿತ್ತು.

"ಸ್ವಲ್ಪ ಮುಂದೆ ಹೋಗಿ ಆಂಟಿ, ಖಾಲಿ ಇದೆಯಲ್ಲಾ" ಎಂದರು ಹಿಂದಿನಿಂದ ಯಾರೋ.