ಏ-ವನ್ ಜೀಪು

ಕಾನ್ವೆಂಟಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಸಿಸ್ಟರ್ ಒಬ್ಬರು ‘ಏ-ವನ್’ ಎಂಬ ಮಾತಿನ ಹುಟ್ಟು ಹೇಳಿದ್ದರು. ಹಿಂದೆ ಲಂಡನ್ನಿನಲ್ಲಿ ವಿಮೆಗೆಂದು ಹಡಗುಗಳನ್ನು ಪರೀಕ್ಷಿಸಿ ದರ್ಜೆ ಕೊಡುತ್ತಿದ್ದರಂತೆ. ಒಡಲು ಗಟ್ಟಿಯಿದ್ದರೆ ‘ಏ’. ಲಂಗರು, ಸರಪಳಿ, ಹಗ್ಗ ಸರಿಯಿದ್ದರೆ ‘ವನ್’. ಎರಡೂ ಇದ್ದ ಹಡಗು ಏ-ವನ್. ಆಮೇಲೆ ಕುಂದಿಲ್ಲದ್ದಕ್ಕೆಲ್ಲ ಅದೇ ಹೆಸರಾಯಿತು.

ಮದುವೆಯಾಗಿ ವನಗೂರಿನ ಎಸ್ಟೇಟಿಗೆ ಬಂದಾಗ, ಸಮುದ್ರವನ್ನೇ ಕಾಣದವರ ಬಾಯಲ್ಲಿ ಆ ಮಾತು ಕೇಳಿ ನಗು ಬಂದಿತ್ತು. ಕೋಳಿಸಾರು ಏ-ವನ್, ಗೊಬ್ಬರ ಏ-ವನ್, ಅಳಿಯ ಏ-ವನ್. ಅಪ್ಪಟ, ಚೊಕ್ಕ, ಅಚ್ಚುಕಟ್ಟು ಅಂತ ನಮ್ಮಲ್ಲೇ ಎಷ್ಟು ಚೆಂದದ ಮಾತುಗಳಿಲ್ಲ! ಆದರೂ ಹೆಬ್ಬೆರಳೆತ್ತಿ ಹೇಳೋಕೆ ಎಲ್ಲರಿಗೂ ಇದೇ ಬೇಕು.

“ಗಾಡಿ ಏ-ವನ್ ಐತೆ ಅಮ್ಮಾ” ಎನ್ನುತ್ತಿದ್ದ ನಮ್ಮ ಜೀಪಿನ ಡ್ರೈವರ್. ಪೇಂಟೇನೋ ಮಿರಮಿರ ಮಿಂಚುತ್ತಿತ್ತು. ಹ್ಯಾಂಡ್‌ಬ್ರೇಕ್ ಮಾತ್ರ ಸತ್ತು ಎಷ್ಟೋ ಕಾಲವಾಗಿತ್ತು. ನಮ್ಮ ಕಡೆ ಹಳೇ ಜೀಪುಗಳಿಗೆ ಅದನ್ನು ರಿಪೇರಿ ಮಾಡಿಸುವ ವಾಡಿಕೆಯೇ ಇಲ್ಲ. ಸೀಟಿನ ಕೆಳಗೊಂದು ಕಲ್ಲು ಇರುತ್ತದೆ. ಇಳಿಜಾರಿನಲ್ಲಿ ನಿಂತರೆ ಯಾರಾದರೂ ಹಾರಿಳಿದು ಅದನ್ನು ಚಕ್ರಕ್ಕೆ ಅಡ್ಡ ಕೊಡಬೇಕು.

“ಲಂಗರೇ ಇಲ್ವಲ್ಲೋ! ನಿಂದು ಬರೀ ಏ.”

“ಕಲ್ಲೈತಲ್ಲಮ್ಮಾ. ನೀವೊಳ್ಳೆ!”

ಕೆಲವು ವರ್ಷಗಳ ಹಿಂದೆ, ಕಾಫಿ ಹಣ್ಣಿನ ಕೊಯ್ಲಿನ ಒಂದು ಬೆಳಿಗ್ಗೆ, ಗಿಡದ ಬುಡದಲ್ಲಿ ಮಲಗಿದ್ದ ಕಾಡುಹಂದಿ ನಮ್ಮ ಕೆಲಸದವಳೊಬ್ಬಳ ಮೇಲೆ ಬಿತ್ತು. ಕೋರೆ ಅವಳ ತೊಡೆಯನ್ನು ಮಂಡಿಯಿಂದ ಮೇಲಕ್ಕೆ ಸೀಳಿತ್ತು. ಮಾಂಸ ತೆರೆದುಕೊಂಡು ನಡುವೆ ಬೆಳ್ಳಗೆ ಏನೋ ಕಾಣುತ್ತಿತ್ತು. ನನ್ನ ಸೀರೆಯೊಂದನ್ನು ಹರಿದು ಬಿಗಿದೆ. ಅದು ನೆನೆದು ತೊಟ್ಟಿಕ್ಕಿತು. ಅವಳನ್ನು ಜೀಪಿನ ಹಿಂದೆ ಮಲಗಿಸಿ, ತಲೆಯನ್ನು ನನ್ನ ತೊಡೆಯ ಮೇಲಿಟ್ಟುಕೊಂಡೆ. ಅವಳ ಗಂಡ ಎರಡೂ ಕೈಯಲ್ಲಿ ಗಾಯ ಅದುಮಿ ಕೂತ. ಸಕಲೇಶಪುರದ ಆಸ್ಪತ್ರೆ ಮುಟ್ಟುವವರೆಗೆ ರಕ್ತ ಉಳಿಯಬೇಕಿತ್ತು, ಅಷ್ಟೇ.

ಕಡಿದಾದ ಇಳಿಜಾರಿನ ತಿರುವಿನಲ್ಲಿ ಒಂಟಿಸಲಗ ರಸ್ತೆಗಡ್ಡ ನಿಂತಿತ್ತು.

ಡ್ರೈವರ್ ಬ್ರೇಕನ್ನು ತುಳಿದು ಹಿಡಿದ. ಹಿಂದಕ್ಕೆ ತೆಗೆಯೋಣವೆಂದರೆ ಬ್ರೇಕಿನಿಂದ ಕಾಲು ತೆಗೆಯಬೇಕು. ತೆಗೆದರೆ ಜೀಪು ನೇರ ಆನೆಯ ಕಾಲಡಿಗೆ.

“ಕಲ್ಲು ಕೊಡ್ರೋ! ಮುಂದಿನ ಚಕ್ರಕ್ಕೆ!” ಡ್ರೈವರ್ ಕೂಗಿದ.

ಅವಳ ಗಂಡ ನನ್ನ ಕೈಗಳನ್ನೆಳೆದು ಗಾಯದ ಮೇಲಿಟ್ಟ. “ಬಿಡಬ್ಯಾಡಿ ಅಮ್ಮಾ” ಎಂದವನೇ ಕಲ್ಲೆತ್ತಿಕೊಂಡು ಇಳಿದ. ನನ್ನ ಬೆರಳುಗಳ ಸಂದಿಯಲ್ಲಿ ರಕ್ತ ಬಿಸಿಬಿಸಿಯಾಗಿ ಉಕ್ಕಿತು. ಸತ್ಯವಾಗಿ ಹೇಳುತ್ತೇನೆ, ಅಷ್ಟು ಹೆಲ್ಪ್‌ಲೆಸ್ ನಾನೆಂದೂ ಆಗಿರಲಿಲ್ಲ. ಅವನು ಬಗ್ಗಿ ಕಲ್ಲಿಟ್ಟು, ಚಕ್ರದಡಿಗೆ ಒದ್ದು ಸೇರಿಸುತ್ತಿದ್ದಂತೆ ಆನೆ ನುಗ್ಗಿತು. ಸೊಂಡಿಲಿನ ಒಂದೇ ಹೊಡೆತಕ್ಕೆ ಅವನು ಗಿಡಗಳೊಳಕ್ಕೆ ಹೋಗಿ ಬಿದ್ದ. ಎರಡನೆಯದು ನಮಗೆ. ದಂತ ಬಾನೆಟ್ಟನ್ನು ತಗಡಿನಂತೆ ಹರಿಯಿತು, ಗಾಜು ನಮ್ಮ ಮೇಲೆ ಸುರಿಯಿತು. ಇಡೀ ಜೀಪು ಎಗರಿತು, ಆದರೆ ಕೆಳಕ್ಕೆ ಉರುಳಲಿಲ್ಲ. ಡ್ರೈವರ್ ಹಾರನ್ ಒತ್ತಿಹಿಡಿದು, ಆಕ್ಸಲರೇಟರ್ ತುಳಿದು, ಕಿರುಚುತ್ತಲೇ ಹಿಂದಕ್ಕೆ ತೆಗೆದ. ಆ ಗದ್ದಲಕ್ಕೋ ಏನೋ, ಆನೆ ನೆರಳಿಗೆ ಬೆಳೆಸಿದ್ದ ಒಂದು ಸಿಲ್ವರ್ ಓಕ್ ಮರವನ್ನು ಮುರಿದೆಸೆದು ಕೆಳಗಿನ ತೋಟಕ್ಕೆ ಇಳಿಯಿತು.

ಗಂಡ ತೆವಳಿಕೊಂಡು ಬಂದ. ಬಲಗೈ ಜೋತಾಡುತ್ತಿತ್ತು. ಹತ್ತಿ ಕೂತು ಎಡಗೈಯಿಂದ ಮತ್ತೆ ಗಾಯ ಅದುಮಿದ. “ಇನ್ನೂ ಬಿಸಿ ಐತೆ. ಓಡಿಸು ಮಾರಾಯ” ಎಂದ.

ಮಧ್ಯಾಹ್ನ ಅವಳು ಕಣ್ಣುಬಿಟ್ಟಳು. ಹೊಲಿಗೆ ಹಾಕಿ, ರಕ್ತ ಕೊಟ್ಟಿದ್ದರು. ಜೀವಕ್ಕೆ ಭಯವಿಲ್ಲ ಎಂದಿದ್ದರು ಡಾಕ್ಟರ್. ಗಂಡ ಪಕ್ಕದಲ್ಲಿ ಕೈಗೆ ಪಟ್ಟಿ ಕಟ್ಟಿಸಿಕೊಂಡು ಕೂತಿದ್ದ. ನಡೆದದ್ದನ್ನು ನಾನೇ ಹೇಳಿದೆ.

“ಆನೆ ಮುಂದಕ್ಕೆ ಹೋಗಿದ್ಯಾ?” ಅವಳ ದನಿ ಇನ್ನೂ ತೊದಲುತ್ತಿತ್ತು. “ನಿನ್ ಬುದ್ಧಿಗೆ ಬೆಂಕಿ ಬೀಳ! ಸತ್ತುಹೋಗ್ಬುಟ್ಟಿದ್ರೆ?”

“ನೀನ್ ಹೋಗ್ಬುಟ್ಟಿದ್ರೆ?”

ಅವಳು ಸೂಜಿ ಚುಚ್ಚಿದ್ದ ಕೈಯನ್ನು ಹಾಗೇ ಬಿಟ್ಟು, ಇನ್ನೊಂದರಿಂದ ಅವನ ಎಡತೋಳಿಗೆ ಪಟಾರನೆ ಬಾರಿಸಿದಳು.