ಎರಡು ಸಲ ಎದ್ದ ಕೈ

ಕೊರೊನಾ ಹಾವಳಿ ತಣ್ಣಗಾದ ಮೇಲೆ ನಡೆದ ಅಧ್ಯಕ್ಷರ ಚುನಾವಣೆ ಅದು. ಆಗ ನಾನು ಹಗರಿಬೊಮ್ಮನಹಳ್ಳಿ ಸೀಮೆಯ ಒಂದು ಪಟ್ಟಣ ಪಂಚಾಯಿತಿಯ ಸದಸ್ಯೆ. ಊರಿನ ಹೆಸರು ಬರೆಯುವುದಿಲ್ಲ. ಅದೇ ಸಂತೆಯಲ್ಲಿ ನಾನು ಇನ್ನೂ ಕಾಯಿಪಲ್ಯ ಕೊಳ್ಳಬೇಕು. ವಾರ್ಡು ಮಹಿಳೆಗೆ ಮೀಸಲಾಯಿತೆಂದು ಓಣಿಯವರು ನನ್ನನ್ನು ನಿಲ್ಲಿಸಿದ್ದರು. ಅಲ್ಲಿಯವರೆಗೆ ಒಲೆ, ದೇವರ ಜಗುಲಿ, ಮಕ್ಕಳ ಊಟದ ಡಬ್ಬಿ ಬಿಟ್ಟು ಬೇರೆ ಅಧಿಕಾರ ನಡೆಸಿದವಳಲ್ಲ ನಾನು.

ಮೊನ್ನೆ ಟಿವಿಯಲ್ಲಿ ಅಮೆರಿಕದ ಯಾವುದೋ ನಗರದ ಮೇಯರ್ ಚುನಾವಣೆ ತೋರಿಸುತ್ತಿದ್ದರು. ಅಲ್ಲಿ ಜನರೇ ನೇರವಾಗಿ ಮೇಯರಿಗೆ ಓಟು ಹಾಕುತ್ತಾರಂತೆ. ನಮ್ಮಲ್ಲಿ ಜನ ಸದಸ್ಯರನ್ನು ಆರಿಸುತ್ತಾರೆ, ಸದಸ್ಯರು ಸಭೆಯಲ್ಲಿ ಕೈ ಎತ್ತಿ ಅಧ್ಯಕ್ಷರನ್ನು ಆರಿಸುತ್ತಾರೆ. ಎಲ್ಲರ ಕಣ್ಣೆದುರು ಎತ್ತುವ ಕೈ, ಮುಚ್ಚುಮರೆ ಏನೂ ಇಲ್ಲ. ಆದರೂ ಅಷ್ಟು ಅನುಮಾನ ಹುಟ್ಟಿಸುವ ಕೆಲಸವನ್ನು ನಾನು ಬೇರೆಲ್ಲೂ ಕಂಡಿಲ್ಲ.

ನಾವು ಸದಸ್ಯರು ಹನ್ನೊಂದು ಮಂದಿ. ಶಾಸಕರಿಗೂ ಸಂಸದರಿಗೂ ಓಟು ಉಂಟು, ಆದರೆ ಇಬ್ಬರೂ ಬರುವುದಿಲ್ಲವೆಂದು ಮೊದಲೇ ತಿಳಿದಿತ್ತು. ನಮ್ಮ ಕಡೆ ಆರು, ಆ ಕಡೆ ಐದು. ನಮ್ಮ ಅಭ್ಯರ್ಥಿ ಭೀಮಕ್ಕ, ಹಿಂದೆ ಅಂಗನವಾಡಿ ಟೀಚರ್ ಆಗಿದ್ದವಳು. ಅವಳ ಕೇರಿಗೆ ಕುಡಿಯುವ ನೀರು ವಾರಕ್ಕೊಮ್ಮೆ ಟ್ಯಾಂಕರಿನಲ್ಲಿ ಬರುತ್ತಿತ್ತು. ತಾನು ಅಧ್ಯಕ್ಷೆಯಾದರೆ ಮೊದಲ ಸಭೆಯಲ್ಲೇ ಕೇರಿಗೆ ಪೈಪ್‌ಲೈನ್ ಮಂಜೂರು ಮಾಡಿಸುವುದು ಅವಳ ಹಟ. ಎದುರಾಳಿ ಶಾಂತಮ್ಮ, ಹಳೇ ಪೇಟೆಯ ವಾರ್ಡಿನವಳು. ಒಬ್ಬರು ಆ ಕಡೆ ವಾಲಿದರೂ ಭೀಮಕ್ಕ ಸೋತಂತೆ.

ಹೀಗಾಗಿ ನಮ್ಮ ಗುಂಪಿನ ಮುಂದಾಳು ಬಸಣ್ಣ, ಅವರೂ ಸದಸ್ಯರೇ, ಚುನಾವಣೆಗೆ ಮುಂಚೆ ನಮ್ಮನ್ನು ಉಚ್ಚಂಗಿದುರ್ಗದ ಒಂದು ಛತ್ರಕ್ಕೆ ಕರೆದೊಯ್ದು ಇಟ್ಟರು. ಹೆಸರಿಗೆ ದೇವರ ದರ್ಶನ. ನಿಜಕ್ಕೆ, ಆ ಕಡೆಯವರು ಯಾರನ್ನೂ ಸೆಳೆಯದಂತೆ ಕಾವಲು. ಫೋನುಗಳನ್ನೆಲ್ಲ ಒಂದು ಚಪಾತಿ ಡಬ್ಬಿಯಲ್ಲಿ ಹಾಕಿ ಬಸಣ್ಣ ತಮ್ಮ ತಲೆದಿಂಬಿನ ಪಕ್ಕ ಇಟ್ಟುಕೊಂಡರು. ಯಾರು ಯಾರ ಜೊತೆ ಮಾತಾಡಿದರು, ಯಾರು ಹಿತ್ತಲಿಗೆ ಹೋಗಿ ತಡಮಾಡಿ ಬಂದರು ಎಂದು ನೋಡುವುದೇ ಎಲ್ಲರ ಕೆಲಸವಾಯಿತು. ಸುಮ್ಮನೆ ಕೂತು ರೂಢಿಯಿಲ್ಲದ ನಾನು ಛತ್ರದ ಅಡುಗೆಯಾಕೆಗೆ ರೊಟ್ಟಿ ಬಡಿದುಕೊಟ್ಟೆ. ಹೊರಗೆ ಬಂದರೆ ಬಸಣ್ಣ ಬಾಗಿಲಲ್ಲೇ ನಿಂತಿದ್ದರು.

"ಅಡಿಗಿ ಮನ್ಯಾಗ ಯಾರ್ದರ ಫೋನ್ ಇತ್ತೇನು ಗಿರಿಜಕ್ಕಾ?"

"ಇತ್ತು. ಹಿಟ್ಟಿನ ಕೈಲೆ ಮುಟ್ಟಿಲ್ಲ, ಬೇಕಾದ್ರ ನೋಡ್ರಿ," ಎಂದು ಎರಡೂ ಅಂಗೈ ತೋರಿಸಿದೆ. ಅವರು ನಿಜವಾಗಿಯೂ ನೋಡಿದರು!

ಮರುದಿನ ಬೆಳಿಗ್ಗೆ ಬಸಣ್ಣ ಉಚ್ಚಂಗೆಮ್ಮನ ಗುಡಿಯಿಂದ ಭಂಡಾರ ತಂದರು. ಭಂಡಾರವೆಂದರೆ ದೇವಿಗೆ ಏರಿಸಿದ ಅರಿಶಿನದ ಪುಡಿ. ಅದನ್ನು ಮುಟ್ಟಿ ಮಾಡಿದ ಆಣೆಯನ್ನು ನಮ್ಮ ಕಡೆ ಯಾರೂ ಮುರಿಯುವ ಧೈರ್ಯ ಮಾಡುವುದಿಲ್ಲ. ಒಬ್ಬೊಬ್ಬರೇ ತಟ್ಟೆಯಲ್ಲಿ ಕೈಯಿಟ್ಟು, "ಭೀಮಕ್ಕಗ ಕೈ ಎತ್ತತೀನಿ" ಅಂದರು. ಮೆಕ್ಯಾನಿಕ್ ಅಂಗಡಿಯವರ ಹೆಂಡತಿ, ಸದಸ್ಯೆ ಮುಮ್ತಾಜ್ ತನ್ನ ದೇವರ ಮೇಲೂ ಆಣೆ ಮಾಡಿ, "ಇನ್ನ ಯಾವ್ದರ ದೇವ್ರು ಉಳದಾನೇನ್ರಿ ಬಸಣ್ಣಾ?" ಎಂದು ನಗಿಸಿದಳು. ಎಲ್ಲರಿಗಿಂತ ಭಕ್ತಿಯಿಂದ ಮುಟ್ಟಿದವನು ನಮ್ಮ ಗುಂಪಿನ ಇನ್ನೊಬ್ಬ ಸದಸ್ಯ ಕರಿಯಪ್ಪ. ಹಣೆಗೂ ಬಳಿದುಕೊಂಡ, ಎದೆಗೂ ಬಳಿದುಕೊಂಡ.

ನನ್ನ ಸರದಿ ಬಂದಾಗ ನಾನು ಮುಟ್ಟಲಿಲ್ಲ. ಉಚ್ಚಂಗೆಮ್ಮ ನನ್ನ ತವರಿನ ಮನೆದೇವರು. ಭಂಡಾರ ಇರುವುದು ಹಣೆಗೆ, ಹೆದರಿಸುವುದಕ್ಕಲ್ಲ ಎಂದು ನಮ್ಮವ್ವ ಕಲಿಸಿದ್ದಳು.

"ನಾ ಭೀಮಕ್ಕಗೇ ಕೈ ಎತ್ತಾಕಿ. ಆಣಿ ಮಾತ್ರ ಮಾಡಂಗಿಲ್ರಿ," ಅಂದೆ.

ಬಸಣ್ಣ ತಟ್ಟೆ ಕೆಳಗಿಟ್ಟರು. "ಎತ್ತಾಕಿ ಅಂದ್ರ ಆಣಿಗ್ಯಾಕ ಅಂಜತಿಯವಾ? ಮನಸಿನಾಗ ಬ್ಯಾರೆ ಐತೇನು?"

ಭೀಮಕ್ಕ ನನ್ನನ್ನು ನೋಡಿ ಮುಖ ಆ ಕಡೆ ತಿರುಗಿಸಿದಳು. ಅದು ಬಸಣ್ಣನ ಮಾತಿಗಿಂತ ಹೆಚ್ಚು ಚುಚ್ಚಿತು. ಆಮೇಲೆ ಊಟಕ್ಕೆ ಕೂತರೆ ಪಕ್ಕದವರು ಮಾತು ನಿಲ್ಲಿಸುತ್ತಿದ್ದರು. ಸಂಜೆ ಕರಿಯಪ್ಪ ಮಾತ್ರ ನನಗೊಂದು ಬಾಳೆಹಣ್ಣು ತಂದುಕೊಟ್ಟ. ಅದನ್ನೂ ಅಮ್ಮನ ದಯೆಯೆಂದು ಕಣ್ಣಿಗೊತ್ತಿಕೊಂಡೆ. ಒತ್ತಿಕೊಳ್ಳುತ್ತಲೇ, ಇವನಿಗೆ ನನ್ನ ಮೇಲೆ ಇದ್ದಕ್ಕಿದ್ದಂತೆ ಇಷ್ಟು ಅಕ್ಕರೆ ಯಾಕೆ ಎಂಬ ಅನುಮಾನವೂ ಬಂತು. ಅನುಮಾನ ಅಂಟುರೋಗ, ಅಷ್ಟರಲ್ಲಿ ನನಗೂ ಹತ್ತಿತ್ತು.

ಚುನಾವಣೆಯ ದಿನ ಸಭಾಂಗಣದಲ್ಲಿ ಮುಮ್ತಾಜ್ ನನ್ನ ಪಕ್ಕ ಕೂತು ಬಲಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಗೆಳೆತನದಿಂದ ಎಂದುಕೊಂಡೆ. ಕಿವಿಯಲ್ಲಿ ಹೇಳಿದಳು: "ಬೇಜಾರಾಗಬ್ಯಾಡಕ್ಕ. ಶಾಂತಮ್ಮನ ಹೆಸರು ಬಂದಾಗ ನಿನ್ ಕೈ ಬಿಡಬ್ಯಾಡ ಅಂತ ಬಸಣ್ಣ ಹೇಳ್ಯಾರ."

ಚುನಾವಣಾಧಿಕಾರಿಯಾಗಿ ಬಂದಿದ್ದ ತಹಶೀಲ್ದಾರರು ಭೀಮಕ್ಕನ ಹೆಸರು ಕೂಗಿದರು. ಮುಮ್ತಾಜ್ ಕೈ ಬಿಟ್ಟಳು, ನಾನು ಎತ್ತಿದೆ. ಆರು ಕೈ. ಭೀಮಕ್ಕನ ಮುಖ ಅರಳಿತು. ಮುಮ್ತಾಜ್ ಮತ್ತೆ ನನ್ನ ಕೈ ಹಿಡಿದಳು. ಶಾಂತಮ್ಮನ ಹೆಸರು ಕೂಗಿದರು. ಅಲ್ಲೂ ಆರು ಕೈ.

ತಹಶೀಲ್ದಾರರು ಕನ್ನಡಕ ತೆಗೆದು ಒರೆಸಿಕೊಂಡರು. "ಹನ್ನೊಂದು ಜನ, ಹನ್ನೆರಡು ಕೈ. ಯಾರು ಎರಡು ಸಲ ಎತ್ತಿದವರು?"

ಇಡೀ ಸಭೆ ನನ್ನ ಕಡೆ ತಿರುಗಿತು. "ನಾ ಮೊದಲೇ ಹೇಳಿದ್ದೆ! ಆಣಿ ಮಾಡದಾಕಿ!" ಎಂದು ಬಸಣ್ಣ ಎದ್ದೇ ನಿಂತರು.

"ಸುಮ್ಕಿರ್ರೀ ಬಸಣ್ಣಾ," ಎಂದಳು ಮುಮ್ತಾಜ್, ಹಿಡಿದ ಕೈಯನ್ನು ಹಾಗೇ ತೋರಿಸುತ್ತ. "ನೀವು ಹೇಳಿದಂಗ ಹಿಡಕೊಂಡೇ ಕುಂತೀನಿ. ಈ ಕೈ ಎಲ್ಲಿಂದ ಎತ್ತಿಯಾಳು?"

ನನ್ನ ಮೇಲೆ ಹಾಕಿದ ಕಾವಲೇ ನನಗೆ ಸಾಕ್ಷಿಯಾಯಿತು. ಆಗ ಹಿಂದಿನ ಕುರ್ಚಿಯಿಂದ ಕರಿಯಪ್ಪ ಎದ್ದ. ಹಣೆಯ ಮೇಲೆ ಬೆವರು, ಬೆವರಿನಲ್ಲಿ ಭಂಡಾರ ಇಳಿಯುತ್ತಿತ್ತು.

"ನಾನ್ರೀ ಸಾರ್. ಛತ್ರಕ್ಕ ಹೋಗೋಕ್ಕಿಂತ ಮೊದ್ಲ ಶಾಂತಮ್ಮನ ಕಡಿಯವರು ನಮ್ಮ ಮನಿದೇವರ ವಿಭೂತಿ ಮುಟ್ಟಿಸಿದ್ರು. ಇವರು ಭಂಡಾರ ಮುಟ್ಟಿಸಿದ್ರು. ಎರಡೂ ಕಡಿ ಕೈ ಎತ್ತತೀನಿ ಅಂದೀನಿ. ಎತ್ತೀನಿ. ಯಾವ ದೇವರೂ ನನ್ನ ತಪ್ಪು ಅನ್ನಂಗಿಲ್ಲ ಈಗ."

ಯಾರೋ ನಕ್ಕರು. ನನಗೆ ನಗು ಬರಲಿಲ್ಲ. ತಹಶೀಲ್ದಾರರು, "ದೇವರ ವಿಷಯ ಹೊರಗೆ ನೋಡಿಕೊಳ್ಳಿ. ಒಬ್ಬರಿಗೆ ಒಂದೇ ಓಟು. ಯಾರಿಗೆಂದು ಹೇಳಿ, ಮತ್ತೆ ಎಣಿಸುತ್ತೇನೆ," ಅಂದರು.

ಕರಿಯಪ್ಪ ನನ್ನ ಕಡೆ ತಿರುಗಿದ. "ಗಿರಿಜಕ್ಕಾ, ದಿನಾ ಪೂಜಿ ಮಾಡಾಕಿ ನೀನು. ಯಾವ ಆಣಿ ದೊಡ್ಡದು?"

ಭಂಡಾರವೇ ದೊಡ್ಡದೆಂದು ನಾನು ಅಂದಿದ್ದರೆ ಸಾಕಿತ್ತು, ಭೀಮಕ್ಕ ಅಧ್ಯಕ್ಷೆ. ಬಸಣ್ಣ ಕಣ್ಣಲ್ಲೇ ಅದನ್ನು ಹೇಳಿಸುತ್ತಿದ್ದರು. ಭೀಮಕ್ಕನ ಕೇರಿಯ ಹೆಂಗಸರು ಕೊಡ ಹಿಡಿದು ಟ್ಯಾಂಕರಿಗೆ ಕಾಯುವುದು ನನ್ನ ಕಣ್ಣ ಮುಂದೆ ಬಂತು. ನಮ್ಮವ್ವನೂ ಬಂದಳು.

"ಎರಡೂ ದೊಡ್ಡವಲ್ಲೋ ತಮ್ಮಾ," ಅಂದೆ. "ಅಂಜಿಸಿ ಮಾಡಿಸಿದ ಆಣಿನ ಯಾವ ದೇವರೂ ಲೆಕ್ಕಕ್ಕ ಇಟ್ಟಿರಂಗಿಲ್ಲ. ನಿನಗ ಯಾರು ಬೇಕು, ಅವರಿಗೆ ಎತ್ತು."

ಅವನು ಬಹಳ ಹೊತ್ತು ಯೋಚಿಸಲಿಲ್ಲ. "ನನ್ನ ಹೆಂಡ್ತಿ ಹೆರಿಗಿ ದಿನ ಗಾಡಿ ತಂದಾಕಿ ಶಾಂತಮ್ಮ," ಅಂದು ಆ ಕಡೆ ಕೈ ಎತ್ತಿದ.

ನಾವು ಸೋತೆವು. ಗಿರಿಜಕ್ಕ ಮಾರಿಕೊಂಡಳು ಎಂಬ ಮಾತು ನಾನು ಮನೆ ಮುಟ್ಟುವ ಮೊದಲೇ ಮನೆ ಮುಟ್ಟಿತ್ತು. ಯಜಮಾನರು, "ಸಿಕ್ಕಿದ್ದನ್ನ ಎಲ್ಲಿ ಇಟ್ಟಿ, ನನಗೂ ತೋರಿಸು," ಎಂದು ನಕ್ಕರು. ಮನೆಯಲ್ಲಿ ಒಬ್ಬರಾದರೂ ನಗುವವರಿದ್ದಾರಲ್ಲ ಎಂದು ದೀಪ ಹಚ್ಚಿದೆ.

ಭೀಮಕ್ಕ ಮರುದಿನ ಬಂದಳು. ಕೂರಲಿಲ್ಲ. "ನೀ ಮಾರಿಕೊಂಡಿಲ್ಲ ಅನ್ನೋದು ಗೊತ್ತೈತಿ. ಆದರ ನಮ್ಮ ಕೇರಿಗೆ ಏನು ಹೇಳ್ಲಿ?"

ಹೊಸ ಅಧ್ಯಕ್ಷರ ಮೊದಲ ಸಭೆಯಲ್ಲಿ ಭೀಮಕ್ಕ ಪೈಪ್‌ಲೈನ್ ವಿಷಯ ಎತ್ತಿದಳು. ಈ ಸಲ ನಮಗೆ ಐದೇ ಕೈ ಎಂದುಕೊಂಡಿದ್ದೆ. ಎಣಿಸಲು ತಲೆಯೆತ್ತಿದರೆ ಕರಿಯಪ್ಪನ ಕೈ ನಮ್ಮೆಲ್ಲರಿಗಿಂತ ಮೇಲಿತ್ತು. ಹಣೆಯ ಮೇಲೆ ವಿಭೂತಿಯೂ ಇಲ್ಲ, ಭಂಡಾರವೂ ಇಲ್ಲ. ಅವನನ್ನು ನೋಡಿ ಶಾಂತಮ್ಮನೂ ಒಪ್ಪಿದಳು. ಆ ಕೇರಿಯಲ್ಲಿ ಈಗ ನಲ್ಲಿಗಳಿವೆ. ನೀರು ದಿನಾ ಬರುವುದಿಲ್ಲ, ಬಂದಾಗ ಮಾತ್ರ ಭೀಮಕ್ಕ ನನಗೊಂದು ಫೋನ್ ಹಚ್ಚುತ್ತಾಳೆ.

ಬಸಣ್ಣ ಇಂದಿಗೂ ನನ್ನನ್ನು ನಂಬುವುದಿಲ್ಲ. ಕರಿಯಪ್ಪ ನನಗೆ ಬಾಳೆಹಣ್ಣು ಯಾಕೆ ಕೊಟ್ಟ ಎಂದು ಈಗಲೂ ಕೇಳುತ್ತಾರಂತೆ. ಕೇಳಲಿ. ಆ ಐದು ವರ್ಷದ ಕೆಲಸದಲ್ಲಿ ನಾನು ಕಲಿತದ್ದು ಇಷ್ಟೇ: ಆಣೆ ಮಾಡಿಸಿಕೊಂಡವರಿಗೆ ಕೈ ಸಿಗುತ್ತದೆ, ಮನುಷ್ಯ ಸಿಗುವುದಿಲ್ಲ. ಈಗ ಯಾರಾದರೂ ನನ್ನೆದುರು ಆಣೆ ಮಾಡಲು ಕೈ ಚಾಚಿದರೆ, ಆ ಕೈಗೊಂದು ಚಹಾದ ಲೋಟ ಕೊಟ್ಟು ಕೂರಿಸುತ್ತೇನೆ.