ಹಬ್ಬದ ದಿನ ಬಂದ ಒಂಬತ್ತು ರೋಗಿಗಳು

ಸರೋಜಾ ಹಂಚಿನಾಳ ಮೇಡಂ ನನ್ನನ್ನು ‘ನೀವು’ ಎಂದರೆ ಎದೆ ಡವಗುಟ್ಟುತ್ತಿತ್ತು. ಮನಸ್ಸು ಸರಿಯಿದ್ದ ದಿನ ‘ಬಾರೋ ತಮ್ಮಾ’ ಎನ್ನುತ್ತಿದ್ದರು. ತಪ್ಪು ಕಣ್ಣಿಗೆ ಬಿತ್ತೋ, ಗೌರವ ಏರುತ್ತಾ ಹೋಗುತ್ತಿತ್ತು: ಮೊದಲು ‘ನೀವು’, ಆಮೇಲೆ ‘ಡಾಕ್ಟರ್ ಸಾಹೇಬರು’. ‘ತಾವು’ ಎಂಬಲ್ಲಿಗೆ ಮುಟ್ಟಿದವರು ಆ ವರ್ಷ ಪ್ರಬಂಧ ಮುಗಿಸಿದ್ದನ್ನು ನಾನು ಕಾಣೆ.

ನಾಸಿಕದ ನಮ್ಮ ವೈದ್ಯಕೀಯ ಕಾಲೇಜಿನಲ್ಲಿ ಎಂ.ಡಿ. ಓದುವವರಿಗೆ ಸಂಶೋಧನೆ ಕಲಿಸಲೆಂದೇ ಒಂದು ವಿಭಾಗವಿತ್ತು. ವಿಭಾಗವೆಂದರೆ ಎಕ್ಸ್‌ರೇ ಕೋಣೆಯ ಹಿಂದಿನ ಒಂದೂವರೆ ಕೋಣೆ, ಮತ್ತು ಮೇಡಂ. ವಿಜಾಪುರದವರು, ಧಾರವಾಡದಲ್ಲಿ ಸಂಖ್ಯಾಶಾಸ್ತ್ರ ಓದಿದವರು. ಡಾಕ್ಟರಲ್ಲ, ಆದರೆ ಡಾಕ್ಟರುಗಳು ಬರೆದ ಅಂಕಿಗಳ ನಾಡಿ ಹಿಡಿದು ನೋಡುತ್ತಿದ್ದರು. ನಾನು ಓಝರ್‌ನ ವಿಮಾನ ಕಾರ್ಖಾನೆಯ ಕಾಲೊನಿಯಲ್ಲಿ ಬೆಳೆದವನು. ನನ್ನ ಕನ್ನಡ ಅರ್ಧ ಮರಾಠಿ.

“ಮನ್ಯಾಗ ಕನ್ನಡ ಮಾತಾಡ್ತೀಯೇನು?” ಎಂದು ಮೊದಲ ದಿನ ಕೇಳಿದ್ದರು.

“ಥೋಡಾ ಥೋಡಾ, ಮೇಡಂ. ತಿಳೀತದ.”

“ಬೈದ್ರ ತಿಳೀತದಲ್ಲ? ಸಾಕು.”

ನನ್ನ ಪ್ರಬಂಧದ ಪ್ರಶ್ನೆ ಸರಳವಾಗಿತ್ತು. ರಕ್ತದೊತ್ತಡದ ರೋಗಿಗಳಿಗೆ ವಾರಕ್ಕೊಮ್ಮೆ ಫೋನು ಮಾಡಿ ಮಾತ್ರೆ ನೆನಪಿಸಿದರೆ ಒತ್ತಡ ಹತೋಟಿಗೆ ಬರುತ್ತದೆಯೇ? ಮೂರು ತಿಂಗಳಾದ ಮೇಲೆ ಎಲ್ಲರೂ ಮತ್ತೆ ಬಂದು ಬಿಪಿ ತೋರಿಸಬೇಕಿತ್ತು. ಒಂಬತ್ತು ಮಂದಿ ಬರಲಿಲ್ಲ. ಪ್ರಬಂಧ ಒಪ್ಪಿಸುವ ದಿನ ಹತ್ತಿರವಾಗಿತ್ತು. ಆ ಒಂಬತ್ತು ಮಂದಿಯ ಬಿಪಿಯನ್ನು ನಾನೇ ಮನಸ್ಸಿನಲ್ಲಿ ನೋಡಿ, ಕೈಗೆ ಬಂದ ಒಂದು ತಾರೀಖು ಹಾಕಿ ಬರೆದುಬಿಟ್ಟೆ. ಯಾರಿಗೂ ಜಿಪುಣತನ ಮಾಡದೆ ಒಳ್ಳೆಯ ಆರೋಗ್ಯವನ್ನೇ ಕೊಟ್ಟೆ.

ಮೇಡಂ ಹಾಳೆ ತಿರುವುತ್ತ ಒಂದು ಕಡೆ ನಿಂತರು.

“ಡಾಕ್ಟರ್ ಸಾಹೇಬರ, ಯುಗಾದಿ ದಿನ ನಮ್ಮ ಓಪಿಡಿ ಬಂದ್ ಇತ್ತಲ್ಲರಿ?”

ನಾನು ಗೋಡೆಯ ಕ್ಯಾಲೆಂಡರಿನತ್ತ ನೋಡಿದೆ.

“ಒಂಬತ್ತು ಮಂದಿ ಹೋಳಗಿ ಉಣ್ಣೂದು ಬಿಟ್ಟು, ಬಂದ್ ಇದ್ದ ಬಾಗಲಾ ತೆಗಿಸಿ ಬಿಪಿ ತೋರಿಸಿ ಹೋಗ್ಯಾರ. ಇಷ್ಟು ನಿಷ್ಠಾವಂತರ್ನ ನಾ ನೋಡೇ ಇಲ್ಲ. ಇವರಿಗೆ ಸತ್ಕಾರ ಮಾಡಬೇಕು. ರವಿವಾರ ತಾವು ಸ್ಕೂಟರ್ ತಗೊಂಡು ಬರ್ರಿ.”

ತಮಾಷೆ ಎಂದುಕೊಂಡಿದ್ದೆ. ರವಿವಾರ ನೋಡಿದರೆ ಮೇಡಂ ಚೀಲದ ತುಂಬ ಒಂಬತ್ತು ತೆಂಗಿನಕಾಯಿ, ಮೇಲೊಂದು ಬಿಪಿ ಯಂತ್ರ ಹಿಡಿದು ಗೇಟಿನಲ್ಲಿ ನಿಂತಿದ್ದರು. ಸ್ಕೂಟರು ಗುಂಡಿಗೆ ಬಿದ್ದಾಗೆಲ್ಲ ಚೀಲ ನನ್ನ ಬೆನ್ನಿಗೆ ಬಡಿಯುತ್ತಿತ್ತು. “ಹತ್ತಿತೇನ್ರಿ?” ಎಂದು ಹಿಂದಿನಿಂದ ಅಕ್ಕರೆಯಿಂದ ವಿಚಾರಿಸುತ್ತಿದ್ದರು.

ಮೊದಲ ಮನೆ ಸಾತಪುರದಲ್ಲಿ, ಕಾರ್ಮಿಕರ ವಠಾರದಂಥ ಒಂದು ಚಾಳಿನಲ್ಲಿ. ಲೇಥ್ ಯಂತ್ರದ ಮೇಲೆ ಕೆಲಸ ಮಾಡುವ ಆ ಮನುಷ್ಯ ಬನಿಯನ್ನಿನಲ್ಲೇ ಹೊರಬಂದ. ಮೇಡಂ ಅಚ್ಚ ಮರಾಠಿಯಲ್ಲಿ, ಹಬ್ಬದ ದಿನವೂ ಆಸ್ಪತ್ರೆಗೆ ಬಂದದ್ದಕ್ಕೆ ಅಭಿನಂದನೆ ಹೇಳಿ ತೆಂಗಿನಕಾಯಿ ಕೈಗಿಟ್ಟರು. ಅವನು ಹೆಂಡತಿಯ ಮುಖ ನೋಡಿದ.

“ಇವರಾ? ಆಸ್ಪತ್ರೆ ಕಡೆ ತಲೆ ಹಾಕಿಯೇ ನಾಲ್ಕು ತಿಂಗಳಾಯಿತು,” ಎಂದಳು ಆಕೆ.

“ಆ ಮಾತ್ರೆ ನುಂಗಿದರೆ ಒಣ ಕೆಮ್ಮು, ಸಾಹೇಬರೇ. ಬಿಟ್ಟುಬಿಟ್ಟೆ,” ಎಂದ ಅವನು. “ಫೋನಿನಲ್ಲಿ ಹೇಳೋಣವೆಂದರೆ, ನೀವು ‘ತಗೊಂಡಿರಾ’ ಅಂತ ಕೇಳುತ್ತಿದ್ದಿರಿ. ನಾನು ‘ಹೂಂ’ ಅನ್ನುತ್ತಲೇ ಇಟ್ಟುಬಿಡುತ್ತಿದ್ದಿರಿ.”

ತೋಳಿಗೆ ಬಿಪಿ ಪಟ್ಟಿ ಕಟ್ಟಿ ನೋಡಿದೆ. ನೂರ ತೊಂಬತ್ತೆರಡು. ಕೈ ಬದಲಿಸಿ ಮತ್ತೆ ನೋಡಿದೆ. ನೂರ ತೊಂಬತ್ತು. ನಾನು ಬರೆದದ್ದು ನೂರ ಮೂವತ್ತು. ಅವತ್ತೇ ಮಧ್ಯಾಹ್ನ ಅವನನ್ನು ಆಸ್ಪತ್ರೆಗೆ ಕರೆದೊಯ್ದು ಮಾತ್ರೆ ಬದಲಿಸಿದೆವು.

ಚಾಳಿನ ಓಣಿಯಲ್ಲಿ ಮೇಡಂ ತಮಾಷೆ ನಿಲ್ಲಿಸಿದ್ದರು. “ನಿನ್ನ ಕಾಗದದಾಗ ಇಂವ ಆರಾಮ ಇದ್ದ. ಆರಾಮ ಇದ್ದವನ ಮನಿಗೆ ಯಾರ ಬರ್ತಾರ?” ಎಂದರು. ‘ನೀ’ ಎಂದಿದ್ದರು, ಆದರೂ ನನಗೆ ತಲೆಯೆತ್ತಲಾಗಲಿಲ್ಲ.

ಉಳಿದ ಕಾಯಿಗಳನ್ನು ಹಂಚಲು ಇನ್ನೂ ಐದು ರವಿವಾರ ಸಿನ್ನರ್, ಪಿಂಪಳಗಾಂವ್ ಎಂದು ಅಲೆದೆವು. ಸಾತಪುರಕ್ಕೆ ಹೋದ ಮುಂದಿನ ರವಿವಾರದ ಮರುದಿನವೇ ನನಗೆ ತಡೆಯಲಾಗದೆ, ನನ್ನ ಗೈಡ್ ಆಗಿದ್ದ ಪ್ರೊಫೆಸರ್ ಮುಂದೆ ಎಲ್ಲ ಒಪ್ಪಿಕೊಂಡೆ. ಅವರೇಕೋ ಬೆಚ್ಚಿಬೀಳಲಿಲ್ಲ. ಪ್ರಬಂಧವನ್ನು ಆರು ತಿಂಗಳು ಮುಂದೆ ಹಾಕಿ, ಸರಿಯಾಗಿ ಮಾಡು ಎಂದರು. ಇಬ್ಬರು ರೋಗಿಗಳು ಊರು ಬಿಟ್ಟಿದ್ದರು. “ಸಿಗಲಿಲ್ಲ ಅಂತ ಬರಿ. ಅದಕ್ಕ ನಾಚಿಕಿ ಯಾಕ?” ಎಂದ ಮೇಡಂ, ಉಳಿದ ಎರಡು ಕಾಯಿಯ ಚಟ್ನಿ ಮಾಡಿ ನನಗೇ ತಿನ್ನಿಸಿದರು. ಫೋನಿನಿಂದ ಏನೂ ಉಪಯೋಗವಿಲ್ಲವೆಂದು ಪ್ರಬಂಧ ಹೇಳಿತು. ನಾನು ಪಾಸಾದೆ.

ನಿವೃತ್ತರಾದ ಮೇಲೆ ಮೇಡಂ, ಆಗಿನ್ನೂ ಔರಂಗಾಬಾದ್ ಎನ್ನುತ್ತಿದ್ದ ಸಂಭಾಜಿನಗರಕ್ಕೆ, ತಂಗಿಯ ಮನೆಗೆ ಹೋದರು. ಅಲ್ಲಿಯೂ ಒಂದು ಕಾಲೇಜಿನ ಹುಡುಗರ ಅಂಕಿಗಳನ್ನು ಕಾಡುತ್ತಿದ್ದರಂತೆ. ಅವರು ತೀರಿಕೊಳ್ಳುವ ಹಿಂದಿನ ವರ್ಷ ಪಾಠ ಮಾಡಲು ಆ ಊರಿಗೆ ಹೋಗಿದ್ದೆ. ನನ್ನನ್ನು ಕಳಿಸಲು ಬಸ್‌ಸ್ಟ್ಯಾಂಡಿನ ತನಕ ಬಂದರು. ಚಹಾ ಕುಡಿಯುತ್ತ, ಅಷ್ಟು ವರ್ಷ ಮನಸ್ಸಿನಲ್ಲಿದ್ದುದನ್ನು ಕೇಳಿದೆ.

“ಮೇಡಂ, ಆವತ್ತು ನೀವು ನನ್ನ ಕಂಪ್ಲೇಂಟ್ ಯಾಕ ಮಾಡಲಿಲ್ಲ?”

“ಮಾಡಿದ್ನಲ್ಲ. ನೀ ನನ್ನ ಕೋಣಿ ದಾಟಿದ್ದೇ ತಡ, ನಿನ್ನ ಗೈಡ್ ಹಂತೇಕ ಹೋಗಿ ಹೇಳಿದ್ದೆ. ಅವರು ತೆಗೆದು ಹಾಕೂಣು ಅಂದ್ರು. ಹದಿನೈದು ದಿನ ತಡೀರಿ, ತಾನ ಬಂದು ಹೇಳ್ತಾನ ಅಂದೆ.”

“ಹೇಳದಿದ್ರ?”

“ನಿನ್ನ ತೆಗೆದು ಹಾಕೋ ಕಾಗದಕ್ಕ ನಾನೂ ಸಹಿ ಮಾಡ್ತಿದ್ದೆ.”

ಗ್ಲಾಸು ಕೆಳಗಿಟ್ಟು, ಸೆರಗಿನಿಂದ ಬಾಯಿ ಒರೆಸಿಕೊಂಡರು.

“ಹದಿಮೂರನೇ ದಿನಕ್ಕ ಹೇಳಿದಿ, ಮಗನ. ಅಲ್ಲಿತನಕ ನನಗ ನಿದ್ದಿ ಇರಲಿಲ್ಲ.”

ನನ್ನ ಬಸ್ಸು ಬಂದಿತ್ತು. ಬೆನ್ನಿಗೆ ಕೈಯಿಟ್ಟು ನನ್ನನ್ನು ಹತ್ತಿಸಿದರು. ಕಿಟಕಿಯಿಂದ ತಿರುಗಿ ನೋಡಿದರೆ, ಮೇಡಂ ಆಗಲೇ ಪೇರಲಹಣ್ಣಿನ ಗಾಡಿಯವಳ ತಕ್ಕಡಿಯ ಮೇಲೆ ಬಾಗಿ, ಮುಳ್ಳು ನೆಟ್ಟಗಿದೆಯೇ ಎಂದು ನೋಡುತ್ತಿದ್ದರು.